ಚೆಂಡು ಕೊಡಿಸಿದ ನೌಕರಿ

ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಕೆಳಗಿನ ಡಿವಿಜನ್‌ಗಳ ಪಂದ್ಯ ನಡೆಯುವ ಮಧ್ಯಾಹ್ನ ಗ್ಯಾಲರಿ ಬಹುಪಾಲು ಖಾಲಿ. ಆಡುವವರ ಅಣ್ಣತಮ್ಮಂದಿರು, ಮುಂದಿನ ಪಂದ್ಯಕ್ಕೆ ಬೇಗ ಬಂದು ಲೇಸು ಬಿಗಿಯುತ್ತ ಕೂತ ಇನ್ನೊಂದು ತಂಡ, ನೆರಳು ಹುಡುಕಿ ಕೂತ ನಾಲ್ಕಾರು ಹಿರಿಯರು, ಅಷ್ಟೇ. ಈ ಹಿರಿಯರು ಗೋಲಾದರೂ ಎದ್ದು ನಿಲ್ಲುವುದಿಲ್ಲ. ಹುಡುಗ ಎಡಗಾಲಲ್ಲಿ ಚೆಂಡನ್ನು ಹೇಗೆ ತಡೆದ, ಪಾಸ್ ಕೊಟ್ಟ ಮೇಲೆ ನಿಂತನೋ ಓಡಿದನೋ ಎಂಬುದರ ಮೇಲೇ ಅವರ ಕಣ್ಣು. ಒಂದು ಕಾಲಕ್ಕೆ ಇಂಥ ಕಣ್ಣುಗಳಿಗೆ ಕಾಣಬೇಕೆಂದೇ ಹುಡುಗರು ಆಡುತ್ತಿದ್ದರು. ಮೆಚ್ಚಿಗೆಯಾದರೆ ಟ್ರಯಲ್ಸ್‌ಗೆ ಕರೆ. ಟ್ರಯಲ್ಸ್ ದಾಟಿದರೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರು.

ಬೆಂಗಳೂರಿನ ಬಿ ಡಿವಿಜನ್, ಸಿ ಡಿವಿಜನ್ ಆಟಗಾರನ ಬದುಕನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕಪ್ಪುಗಳ ಪಟ್ಟಿಗಿಂತ ಆ ಹಾಜರಿ ಪುಸ್ತಕವನ್ನೇ ಹಿಡಿಯಬೇಕು. ‘ಈ ಸೀಸನ್ ಚೆನ್ನಾಗಿ ಹೋದರೆ’ ಎಂದು ಅವನು ಶುರು ಮಾಡಿದ ಮಾತು ಅರ್ಧ ಶತಮಾನ ಕಾಲ ಒಂದೇ ಕಡೆ ಮುಗಿಯುತ್ತಿತ್ತು: ಕೆಲಸ ಸಿಗುತ್ತದೆ.

ಆಟ ಊರಿಗೆ ಬಂದದ್ದು ದಂಡಿನಿಂದ. 1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ಸೈನ್ಯ ನೆಲೆ ನಿಂತ ಮೇಲೆ ಬೆಂಗಳೂರು ಎರಡಾಯಿತು, ಪೇಟೆ ಒಂದು, ದಂಡು ಒಂದು. ಸೋಲ್ಜರುಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದವರು ದಂಡಿಗೆ ದುಡಿಯಲು ಬಂದವರ ಮಕ್ಕಳು. ಹಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರ: ಇವತ್ತಿಗೂ ನಗರದ ಫುಟ್‌ಬಾಲ್ ನಕಾಶೆ ಬರೆದರೆ ಹಳೆಯ ದಂಡಿನ ನಕಾಶೆಯೇ ಮೂಡುತ್ತದೆ. ತಮಿಳು, ದಖನಿ ಉರ್ದು, ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಬರುವ ಓಣಿಗಳು ಇವು. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜತೆಗೆ ಪೆಲೆಯ ಪ್ರತಿಮೆಯೂ ನಿಂತಿದೆ. ಆ ಬೀದಿಯ ಜನಕ್ಕೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಬೇಲಿಯಾಚೆ ನಿಂತವರು ಒಳಗೆ ಬರಲು ಬಹಳ ವರ್ಷವೇ ಬೇಕಾಯಿತು. ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾದಾಗಿನಿಂದ ಬ್ರಿಟಿಷ್ ಪಲ್ಟನ್‌ಗಳ ಕೈಯಲ್ಲೇ ಇತ್ತು. 1937ರಲ್ಲಿ ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದರು, 1948ರಲ್ಲಿ ಮತ್ತೊಮ್ಮೆ.

ಆಗಿನ ಚೆಂಡು ಎಂಥದ್ದು ಎಂದು ಇಂದಿನ ಹುಡುಗರಿಗೆ ಗೊತ್ತಿರಲಾರದು. ಹೊರಗೆ ದಪ್ಪ ತೊಗಲು, ಒಳಗೆ ರಬ್ಬರ್ ಬ್ಲಾಡರ್, ಬಾಯಿ ಬಿಗಿಯಲು ಲೇಸು. ಮಳೆಯ ನೀರು ಕುಡಿದರೆ ಕಲ್ಲಿನ ಭಾರ. ಹೆಡ್ ಮಾಡುವಾಗ ಲೇಸಿನ ಮಗ್ಗುಲು ಹಣೆಗೆ ತಾಗಿದರೆ ಚರ್ಮ ಕಿತ್ತು ಬರುತ್ತಿತ್ತು. ಅಂಥ ಚೆಂಡನ್ನು ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಒದೆಯುತ್ತಿದ್ದವರು ಇವರು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿದಾಗಲೂ ಹೆಚ್ಚಿನವರು ಬರಿಗಾಲಲ್ಲೇ ಇದ್ದರು. ಎರಡು ಪೆನಾಲ್ಟಿ ಕೈತಪ್ಪಿ, 2–1ರಲ್ಲಿ ಸೋಲಾಯಿತು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಚೆಂಡು ಅವರ ಕಾಲಿನ ಮಾತು ಕೇಳುತ್ತಿದ್ದ ರೀತಿ ನೋಡಿದವರು ಅವರಿಗಿಟ್ಟ ಹೆಸರು ಹಾವಾಡಿಗ.

ಅಹ್ಮದ್ ಖಾನರ ದಾರಿ ಕಲ್ಕತ್ತೆಯತ್ತ ಹೋಯಿತು. ಈಸ್ಟ್ ಬೆಂಗಾಲ್‌ನ ಐದು ಮಂದಿ ಫಾರ್ವರ್ಡ್‌ಗಳನ್ನು ಅಲ್ಲಿಯ ಜನ ಪಂಚ ಪಾಂಡವರೆಂದು ಕರೆದರು. ಅವರಲ್ಲೊಬ್ಬರಾಗಿ ಅಹ್ಮದ್ 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಷೀಲ್ಡ್ ಗೆದ್ದರು. 1956 ಮತ್ತು 1960ರ ಒಲಿಂಪಿಕ್ಸ್ ಆಡಿದ ಕೆಂಪಯ್ಯ ಮೋಹನ್ ಬಾಗಾನ್ ಸೇರಿದರು. ಆದರೆ ಕಲ್ಕತ್ತೆಯ ರೈಲು ಹತ್ತುವ ಯೋಗ ಎಷ್ಟು ಜನಕ್ಕಿತ್ತು? ನೂರಾರು ಹುಡುಗರಲ್ಲಿ ಒಬ್ಬನಿಗೋ ಇಬ್ಬರಿಗೋ. ಉಳಿದವರು ಇಪ್ಪತ್ತೆಂಟು ತುಂಬುವ ಹೊತ್ತಿಗೆ ಮಂಡಿ ನೋವು ಹೊತ್ತು ಕೂಲಿ ಹುಡುಕುತ್ತಿದ್ದರು. ಅವರ ಪಾಲಿಗೆ ಊರಿನ ಸುತ್ತ ಕಾರ್ಖಾನೆಗಳು ಎದ್ದದ್ದು ದೊಡ್ಡ ಸಂಗತಿ.

1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಜಾಲಹಳ್ಳಿಯ ಬಿಇಎಲ್, 1964ರಲ್ಲಿ ಬಿಇಎಂಎಲ್. ವಿಮಾನ, ಟೆಲಿಫೋನು, ಕೈಗಡಿಯಾರ, ರೇಡಾರು ಮಾಡುವ ಜಾಗಗಳು. ಇವಕ್ಕೆ ಕ್ವಾರ್ಟರ್ಸ್ ಬಂದವು, ಸ್ಕೂಲು ಬಂತು, ಆಸ್ಪತ್ರೆ ಬಂತು, ಮೈದಾನ ಬಂತು. ಮೈದಾನವಿದ್ದಲ್ಲಿ ತಂಡ ಬೇಕು. ತಂಡಕ್ಕೆ ಕಾಲಿನಲ್ಲಿ ಆಟವಿದ್ದವರು ಬೇಕು. ಹೀಗೆ ಲೀಗ್‌ನ ಕೆಳಗಿನ ಮೆಟ್ಟಿಲಿನ ಹುಡುಗನಿಗೂ ಕಾರ್ಖಾನೆಯ ಗೇಟಿಗೂ ನಡುವೆ ಒಂದು ಕಾಲುದಾರಿ ಬಿತ್ತು.

ಓಣಿಯ ಕ್ಲಬ್ಬಿಗೆ ಆಡಬೇಕು, ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಮೇಲಿನ ಡಿವಿಜನ್ ಕ್ಲಬ್ಬಿನವರು ಕರೆದರೆ ಹೋಗಬೇಕು. ಅಲ್ಲಿಂದ ಡಿಪಾರ್ಟ್‌ಮೆಂಟ್ ತಂಡದ ಟ್ರಯಲ್ಸ್. ಮೊದಲು ಸ್ಟೈಪೆಂಡು, ಆಮೇಲೆ ಕಾಯಂ. ಬೆಳಿಗ್ಗೆ ಕಾರ್ಡ್ ಪಂಚ್ ಮಾಡಿ ಶಾಪ್‌ಫ್ಲೋರಿನಲ್ಲೋ ಸ್ಟೋರ್ಸಿನಲ್ಲೋ ಕೆಲಸ, ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ಬಿಡುವು. ಆಟ ನಿಂತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಪಿಎಫ್ ಇತ್ತು, ಕ್ಯಾಂಟೀನ್ ಊಟವಿತ್ತು, ಹೆಂಡತಿ ಮಕ್ಕಳಿಗೆ ಇಎಸ್‌ಐ ಅಥವಾ ಕಂಪನಿ ಆಸ್ಪತ್ರೆಯಿತ್ತು. ಹೆಣ್ಣು ಕೊಡುವವರು ಹುಡುಗ ಹಾಫ್ ಬ್ಯಾಕ್ ಎಂದು ಕೇಳಿ ಒಪ್ಪುತ್ತಿರಲಿಲ್ಲ. ಐಟಿಐ ಎಂದರೆ ಒಪ್ಪುತ್ತಿದ್ದರು. ಚೆಂಡಾಟದಿಂದ ಒಂದು ಕುಟುಂಬ ವಠಾರದಿಂದ ಕ್ವಾರ್ಟರ್ಸಿಗೆ ಬಂದ ಆ ಸರಳ ಪವಾಡಕ್ಕೆ ನಮ್ಮ ಕ್ರೀಡಾ ಚರಿತ್ರೆಯಲ್ಲಿ ಸಿಕ್ಕಿರುವ ಜಾಗ ತೀರಾ ಕಡಿಮೆ.

ಆ ವ್ಯವಸ್ಥೆ ಎಂಥ ಆಟ ಬೆಳೆಸಿತು ಎನ್ನುವುದಕ್ಕೆ ಒಂದು ಸಂಜೆ ಸಾಕು. 1977ರಲ್ಲಿ ದೇಶದ ಕ್ಲಬ್ಬುಗಳಿಗೆಂದು ಫೆಡರೇಷನ್ ಕಪ್ ಮೊದಲ ಬಾರಿಗೆ ಎರ್ನಾಕುಲಂನಲ್ಲಿ ನಡೆಯಿತು. ಫೈನಲ್‌ನಲ್ಲಿ ಒಂದು ಕಡೆ ಮೋಹನ್ ಬಾಗಾನ್, ಆಟವೇ ಉಸಿರಾದ ಕಲ್ಕತ್ತೆಯ ಕ್ಲಬ್ಬು. ಇನ್ನೊಂದು ಕಡೆ ಟೆಲಿಫೋನ್ ಕಾರ್ಖಾನೆಯ ಐಟಿಐ. 1–0. ಗೆದ್ದದ್ದು ಐಟಿಐ. ಭಾರತದ ಮೊದಲ ಫೆಡರೇಷನ್ ಕಪ್ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಬಂತು.

ಸಂತೋಷ್ ಟ್ರೋಫಿಯ ಕಥೆಯೂ ಇದಕ್ಕೇ ಹೊಂದಿಕೊಂಡದ್ದು. ಮೈಸೂರು ಎಂಬ ಹೆಸರಿನಲ್ಲಿ ಆಡಿದ ರಾಜ್ಯ ತಂಡ ನಾಲ್ಕು ಸಲ ಗೆದ್ದಿತು: 1946–47, 1952–53, 1967–68, 1968–69. ನಾಲ್ಕು ಫೈನಲ್‌ಗಳಲ್ಲೂ ಎದುರಾಳಿ ಬಂಗಾಳ. ಆಮೇಲೆ ಬಹಳ ದೊಡ್ಡ ಮೌನ.

ಕಾಲುದಾರಿ ಒಂದೇ ದಿನ ಮುಚ್ಚಲಿಲ್ಲ. 1991ರ ನಂತರ ಸಾರ್ವಜನಿಕ ಉದ್ದಿಮೆಗಳಲ್ಲಿ ಹೊಸ ನೇಮಕಾತಿ ಸಣ್ಣಗಾಗುತ್ತ ಬಂತು. ಮನೆಮನೆಯ ಫೋನಿನ ಜಾಗಕ್ಕೆ ಮೊಬೈಲ್ ಬಂದ ಮೇಲೆ ಐಟಿಐ ಸೊರಗಿತು. ಎಚ್‌ಎಂಟಿ ಕೈಗಡಿಯಾರ ಘಟಕಕ್ಕೆ 2016ರಲ್ಲಿ ಬೀಗ ಬಿತ್ತು. ಕ್ರೀಡಾಪಟುಗಳಿಗೆ ಕೆಲಸ ಕೊಡುತ್ತಿದ್ದ ವಿಜಯ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿತು. ಎಚ್‌ಎಎಲ್ ಮಾತ್ರ ರಾಷ್ಟ್ರ ಮಟ್ಟದ ಐ–ಲೀಗ್‌ವರೆಗೂ ಹೋಗಿ ನಿಂತಿತು; 2011–12ರಲ್ಲಿ ಕೊನೆಯ ಸ್ಥಾನಕ್ಕಿಳಿದು ಹೊರಬಿತ್ತು. ಆಡುತ್ತಿದ್ದ ನೌಕರರು ಒಬ್ಬೊಬ್ಬರೇ ನಿವೃತ್ತರಾದಂತೆ ಅವರ ಜಾಗ ಖಾಲಿಯೇ ಉಳಿಯಿತು.

ಈ ನಡುವೆ ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ ಬೇರೆಯದೇ ದಾರಿ ತೋರಿಸಿದ್ದರು. ಟಾಟಾ ಅಕಾಡೆಮಿಯಲ್ಲಿ ಕಲಿತು, 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದು, ಜೆಸಿಟಿ ತಂಡದಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದು, ದೇಶದ ನಾಯಕರೂ ಆದರು. ಆಟವೊಂದರಿಂದಲೇ ಬದುಕಬಹುದೆಂದು ನಂಬಿದ ಮೊದಲ ತಲೆಮಾರು ಅವರದು. 2020ರ ಅಕ್ಟೋಬರಿನಲ್ಲಿ, 49ನೇ ವಯಸ್ಸಿಗೇ ಹೋಗಿಬಿಟ್ಟರು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ಪ್ರಯತ್ನದಲ್ಲೇ ಐ–ಲೀಗ್ ಗೆದ್ದಾಗ ಗ್ಯಾಲರಿಗಳು ತುಂಬಿದವು. ಅಕಾಡೆಮಿಗಳು ಬಂದವು, ಹೊಸ ಕ್ಲಬ್ಬುಗಳು ಬಂದವು. ಕೆಳಗಿನ ಡಿವಿಜನ್ ಹುಡುಗನ ಆಸೆಯ ಭಾಷೆಯೇ ಬದಲಾಯಿತು. ಅವನು ಸೂಪರ್ ಡಿವಿಜನ್, ಐ–ಲೀಗ್ 3, ಐ–ಲೀಗ್ 2, ಐ–ಲೀಗ್, ಐಎಸ್‌ಎಲ್ ಎಂದು ಮೆಟ್ಟಿಲು ಎಣಿಸತೊಡಗಿದ. ಮೆಟ್ಟಿಲು ಹತ್ತುವುದು ಸುಳ್ಳೇನಲ್ಲ: ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023–24ರಲ್ಲಿ ಐ–ಲೀಗ್ 2 ಗೆದ್ದು ಮೇಲೇರಿತು. ಮರುವರ್ಷವೇ ಇಳಿಯಿತು. ತಂಡ ಇಳಿದರೆ ಕರಾರೂ ಕರಗುವ ಭಯ. ಸ್ಟೋರ್ಸಿನಲ್ಲಿ ಕಾಯುತ್ತ ಕೂತ ಕುರ್ಚಿ ಈಗ ಯಾರಿಗೂ ಇಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದಾಗ ಆ ಭಯ ಅತಿ ಮೇಲಿನ ಮೆಟ್ಟಿಲಿಗೂ ಮುಟ್ಟಿತು.

ಆದರೂ 2023ರ ಮಾರ್ಚ್ 4ರ ರಾತ್ರಿಯನ್ನು ಇಲ್ಲಿಯ ಯಾವ ಆಟಗಾರನೂ ಮರೆಯಲಾರ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ನಡುವೆ 54 ವರ್ಷ ಕಳೆದಿದ್ದವು. ಆ ತಂಡದ ಹುಡುಗರಲ್ಲಿ ಹಲವರು ಇದೇ ನಗರದ ಲೀಗ್‌ನಲ್ಲಿ, ಖಾಲಿ ಗ್ಯಾಲರಿಗಳ ಎದುರು ಪಳಗಿದವರು.

ಅಶೋಕನಗರದಲ್ಲಿ ಪಂದ್ಯ ಮುಗಿದಿದೆ. ಹುಡುಗ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ತಲೆಕೆಳಗು ಮಾಡುತ್ತಾನೆ. ಕೃತಕ ಹುಲ್ಲಿನ ನಡುವೆ ಹರವಿರುವ ರಬ್ಬರಿನ ಕಪ್ಪು ಕಾಳುಗಳು ರಾಗಿಯಂತೆ ಸುರಿಯುತ್ತವೆ. ನೆರಳಲ್ಲಿದ್ದ ಹಿರಿಯರೊಬ್ಬರು ಕೆಳಗಿಳಿದು ಬರುತ್ತ ಕೇಳುತ್ತಾರೆ: “ಎಡಗಾಲು ಚೆನ್ನಾಗಿದೆಯಲ್ಲಪ್ಪ. ಕೆಲಸ ಎಲ್ಲಿ?” ಅವನು ಸಂಜೆಯ ಡೆಲಿವರಿ ಪಾಳಿಯ ಹೆಸರು ಹೇಳುತ್ತಾನೆ. “ಬೆಳಿಗ್ಗೆ ಪ್ರಾಕ್ಟೀಸ್ ಮಾಡ್ಬೋದು ಸಾರ್, ಅದಕ್ಕೇ ಇದನ್ನ ಹಿಡಿದಿದೀನಿ,” ಎಂದು ಶೂಗಳ ಲೇಸುಗಳನ್ನು ಒಂದಕ್ಕೊಂದು ಗಂಟು ಹಾಕಿ ಚೀಲಕ್ಕಿಟ್ಟು, ಮುಂದಿನ ಪಂದ್ಯ ಯಾವ ದಿನ ಎಂದು ನೋಟಿಸ್ ಬೋರ್ಡಿನ ಕಡೆ ನಡೆಯುತ್ತಾನೆ.