ಥೇಮ್ಸ್ ತೀರದ ವೃಕ್ಷವೈದ್ಯರು

ಲಂಡನ್ ನಗರದ ನೈಋತ್ಯ ಭಾಗದಲ್ಲಿ, ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಹೊಂದಿಕೊಂಡಿರುವ ಕ್ಯೂ ಎಂಬ ಬಡಾವಣೆಯು ಅಲ್ಲಿಯ ಸಸ್ಯೋದ್ಯಾನದಿಂದಾಗಿ ಲೋಕಪ್ರಸಿದ್ಧವಾಗಿರುವುದು. ಕನ್ನಡ ನಾಡಿಗೂ ಈ ಹೆಸರು ಹೊಸತಲ್ಲ. ಬೆಂಗಳೂರಿನ ಲಾಲ್‌ಬಾಗಿನ ಆಡಳಿತವನ್ನು ೧೮೫೮ರಲ್ಲಿ ವಹಿಸಿಕೊಂಡ ವಿಲಿಯಂ ನ್ಯೂ, ೧೮೭೪ರಲ್ಲಿ ಬಂದ ಜಾನ್ ಕ್ಯಾಮರೂನ್, ೧೯೦೮ರಲ್ಲಿ ಬಂದ ಕೃಂಬೀಗಲ್, ಈ ಮೂವರೂ ಕ್ಯೂ ತೋಟದ ಸಂಬಂಧವುಳ್ಳವರೇ. ದೇಶದೇಶಗಳಿಂದ ಸಸಿಗಳನ್ನು ತಂದು ನೆಟ್ಟು ಬೆಳೆಯಿಸಿದವರ ಚರಿತ್ರೆಯನ್ನು ಅನೇಕರು ಬರೆದಿರುವರು. ನೆಟ್ಟ ಮರವು ಮುದಿಯಾದ ಮೇಲೆ ಅದನ್ನು ಸವರಿ, ಕಟ್ಟಿ, ಊರೆಗೋಲನ್ನು ಕೊಟ್ಟು, ಕಡೆಗೆ ಉಳಿಸಲಾಗದೆ ಹೋದಾಗ ಕಡಿದಿಳಿಸುವವರ ಚರಿತ್ರೆಯಾದರೋ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಆಂಗ್ಲಭಾಷೆಯಲ್ಲಿ ಈ ಕಸಬುದಾರನಿಗೆ 'ಮರದ ಶಸ್ತ್ರವೈದ್ಯ'ನೆಂಬ ಅರ್ಥದ ಹೆಸರು ರೂಢಿಯಾಗಿದೆ. ಹೆಸರು ಗೌರವದ್ದೇ, ಆದರೆ ಬಹುಕಾಲದವರೆಗೆ ಆ ಕಸಬುದಾರರನ್ನು ದಾರಿ ತಪ್ಪಿಸಿದ್ದೂ ಆ ಹೆಸರಿನಲ್ಲಿ ಅಡಗಿರುವ ಉಪಮೆಯೇ ಎಂಬುದು ಈ ವಿದ್ಯೆಯ ಚರಿತ್ರೆಯಿಂದ ತಿಳಿಯಬರುತ್ತದೆ.

ಈ ಚರಿತ್ರೆಯ ಆರಂಭವನ್ನು ಕ್ಯೂವಿನಿಂದ ಸ್ವಲ್ಪ ಕೆಳಗೆ, ನದಿಯ ಎದುರು ದಡದಲ್ಲಿರುವ ಚೆಲ್ಸಿಯಲ್ಲಿ ಹುಡುಕಬೇಕು. ಅಲ್ಲಿ ಔಷಧಿ ಮಾರುವವರ ಸಂಘವು ೧೬೭೩ರಲ್ಲಿ ಮೂಲಿಕೆಗಳ ತೋಟವೊಂದನ್ನು ಹಾಕಿತು. ದೋಣಿಯಲ್ಲಿ ಬಂದು ಹೋಗುವುದಕ್ಕೆ ನದೀತೀರವು ಅನುಕೂಲವಾಗಿದ್ದಿತು. ಮನುಷ್ಯರ ಮದ್ದಿಗಾಗಿ ಹುಟ್ಟಿದ ಈ ತೋಟದ ಮುಖ್ಯಸ್ಥನಾಗಿ ೧೭೭೧ರಲ್ಲಿ ನೇಮಕಗೊಂಡ ವಿಲಿಯಂ ಫಾರ್ಸಿತ್ ಎಂಬಾತನೇ ಮುಂದೆ ಮರಗಳ ಮದ್ದಿನಿಂದ ಹೆಸರಾದವನು. ೧೭೮೪ರಲ್ಲಿ ಅವನು ಕೆನ್ಸಿಂಗ್ಟನ್ ಮತ್ತು ಸೇಂಟ್ ಜೇಮ್ಸ್ ಅರಮನೆಗಳ ತೋಟಗಾರನಾದನು. ಅಲ್ಲಿಯ ಹಣ್ಣಿನ ಮರಗಳಲ್ಲಿ ಅನೇಕವು ಹುಣ್ಣು ಬಿದ್ದು, ಪೊಟರೆಯಾಗಿ, ಫಲವನ್ನು ಕೊಡದಂತಾಗಿದ್ದುವು. ಅವುಗಳಿಗಾಗಿ ಅವನು ಒಂದು ಲೇಪವನ್ನು ಕಲ್ಪಿಸಿದನು. ಹಸಿಯ ಸಗಣಿ ಹದಿನಾರು ಪಾಲು, ಹಳೆಯ ಗೋಡೆಗಳ ಸುಣ್ಣದ ಗಾರೆ ಎಂಟು ಪಾಲು, ಸೌದೆಯ ಬೂದಿ ಎಂಟು ಪಾಲು, ಹೊಳೆಯ ಮರಳು ಒಂದು ಪಾಲು: ಇದು ಆ ಲೇಪದ ಪ್ರಮಾಣ. ಮರದ ಕೊಳೆತ ಭಾಗವನ್ನೆಲ್ಲ ಗಟ್ಟಿಮರವು ಕಾಣುವವರೆಗೆ ಕೆತ್ತಿ ತೆಗೆದು, ಈ ಲೇಪವನ್ನು ಹಚ್ಚಿ, ಮೇಲೆ ಬೂದಿಯನ್ನೂ ಸುಟ್ಟ ಎಲುಬಿನ ಪುಡಿಯನ್ನೂ ಉದುರಿಸಬೇಕು. ಹೀಗೆ ಮಾಡಿದರೆ ಪೊಟರೆಯು ಹೊಸ ಮರದಿಂದ ತುಂಬಿ ಬರುವುದೆಂದು ಅವನ ವಾದ.

ಆಗ ಇಂಗ್ಲೆಂಡಿನ ನೌಕಾಬಲಕ್ಕೆ ಓಕ್ ಮರದ ಚಿಂತೆಯು ದೊಡ್ಡದಾಗಿದ್ದಿತು. ಕೆಟ್ಟ ಮರವನ್ನು ಮತ್ತೆ ಗಟ್ಟಿಮರವನ್ನಾಗಿ ಮಾಡುವ ಲೇಪವಿದೆಯೆಂಬ ಸುದ್ದಿಯು ತೋಟದ ಬೇಲಿಯನ್ನು ದಾಟಿ ರಾಜ್ಯಕಾರಣಕ್ಕೆ ಮುಟ್ಟಿದುದು ಆಶ್ಚರ್ಯವಲ್ಲ. ಫಾರ್ಸಿತನಿಗೆ ಸಂಸತ್ತಿನಿಂದ ಬಹುಮಾನವು ದೊರೆಯಿತು. ಅವನು ೧೭೯೧ರಲ್ಲಿ ಮರಗಳ ರೋಗಗಳನ್ನು ಕುರಿತ ಗ್ರಂಥವನ್ನೂ ೧೮೦೨ರಲ್ಲಿ ಹಣ್ಣಿನ ಮರಗಳನ್ನು ಕುರಿತ ಇನ್ನೊಂದು ಗ್ರಂಥವನ್ನೂ ಪ್ರಕಟಿಸಿದನು.

ನಮ್ಮ ಪ್ರಾಚೀನ ವೃಕ್ಷಾಯುರ್ವೇದವನ್ನು ಬಲ್ಲವರಿಗೆ ಈ ಲೇಪದ ವಿಧಾನವು ಪರಿಚಿತವಾದಂತೆಯೇ ತೋರುವುದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ರೋಗಗೊಂಡ ಮರದ ಲಕ್ಷಣಗಳನ್ನು ಹೇಳಿ, ಮೊದಲು ಶಸ್ತ್ರದಿಂದ ಶೋಧಿಸಿ, ಆಮೇಲೆ ವಾಯುವಿಳಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚಿ, ಹಾಲು ಬೆರೆತ ನೀರನ್ನು ಎರೆಯಬೇಕೆಂದು ವಿಧಿಸಿರುವನು. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಸ್ಥಾನವಿದೆ. ಇವುಗಳಿಂದ ಫಾರ್ಸಿತನು ಏನನ್ನಾದರೂ ಪಡೆದನೆಂದು ಊಹಿಸುವುದಕ್ಕೆ ಯಾವ ಆಧಾರವೂ ಇಲ್ಲ. ಹಾಗೆ ಊಹಿಸುವ ಅಗತ್ಯವೂ ಇಲ್ಲ. ಮರಕ್ಕೂ ಮೈಯುಂಟು, ಮೈಯ ಹುಣ್ಣಿಗೆ ಮಾಡುವುದನ್ನೇ ಅದಕ್ಕೂ ಮಾಡಬೇಕು ಎಂಬ ಭಾವನೆಯು ಎಲ್ಲ ದೇಶದವರಿಗೂ ಸಹಜವಾಗಿ ಬರತಕ್ಕದ್ದು. ಕೊರೆ, ಶುದ್ಧಿಮಾಡು, ಲೇಪಿಸು ಎಂಬ ಕ್ರಮವು ಆ ಭಾವನೆಯ ನೇರವಾದ ಫಲ.

ಫಾರ್ಸಿತನ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಸಸ್ಯಗಳ ಒಳರಚನೆಯನ್ನು ಪ್ರಯೋಗಗಳಿಂದ ಪರೀಕ್ಷಿಸುತ್ತಿದ್ದ ಥಾಮಸ್ ಆಂಡ್ರೂ ನೈಟ್ ಎಂಬಾತನು ೧೮೦೨ರಲ್ಲಿ ಆ ಲೇಪದ ಶಕ್ತಿಯನ್ನು ಸಂಶಯಿಸಿ ಬರೆದನು. ಫಾರ್ಸಿತನ ಪಕ್ಷವನ್ನು ವಹಿಸಿ ನಿಂತವರಲ್ಲಿ ಲೆಟ್ಸಂ ಎಂಬ ಪ್ರಸಿದ್ಧ ವೈದ್ಯನು ಒಬ್ಬ. ಮನುಷ್ಯವೈದ್ಯನು ಲೇಪದ ಕಡೆಗೂ ಸಸ್ಯಪ್ರಯೋಗಗಳನ್ನು ಮಾಡಿದವನು ಅದರ ವಿರುದ್ಧವೂ ನಿಂತುದು ಗಮನಿಸತಕ್ಕ ವಿಷಯ. ವಾದವು ತೀರುವ ಮೊದಲೇ, ೧೮೦೪ರಲ್ಲಿ, ಫಾರ್ಸಿತನು ತೀರಿಕೊಂಡನು. ಲೇಪವು ಮರೆಯಾದರೂ ಅದರ ಹಿಂದಿನ ತತ್ತ್ವವು ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಥೇಮ್ಸ್ ತೀರದ ರೂಪವೇ ಬದಲಾಯಿತು. ಬ್ಯಾಜಲ್‌ಗೆಟ್ ಎಂಬ ಎಂಜಿನಿಯರನು ನದಿಗೆ ಕಲ್ಲಿನ ಒಡ್ಡುಗೋಡೆಗಳನ್ನು ಕಟ್ಟಿ, ಹಿಂದೆ ಕೆಸರಾಗಿದ್ದ ನೆಲವನ್ನು ಬೀದಿಯನ್ನಾಗಿ ಮಾಡಿದನು. ವಿಕ್ಟೋರಿಯಾ ಒಡ್ಡು ೧೮೭೦ರಲ್ಲಿಯೂ ಚೆಲ್ಸಿಯ ಒಡ್ಡು ೧೮೭೪ರಲ್ಲಿಯೂ ತೆರೆಯಲ್ಪಟ್ಟುವು. ಅವುಗಳ ಮೇಲೆ ಪ್ಲೇನ್ ಮರಗಳ ಸಾಲುಗಳು ಬಂದುವು. ನೆಲದಡಿಯಲ್ಲಿ ದೊಡ್ಡ ಚರಂಡಿ, ಅದರ ಮೇಲೆ ಹಾಸುಗಲ್ಲು, ಪಕ್ಕದಲ್ಲಿ ಗಾಡಿಗಳ ಸಂಚಾರ: ಇವುಗಳ ನಡುವೆ ಬೆಳೆದ ಮರವು ಕಾಡಿನ ಮರದಂತೆ ತನ್ನಷ್ಟಕ್ಕೆ ತಾನು ಬಾಳಲಾರದು. ಅದನ್ನು ಆಗಾಗ ಸವರುವ ಕಸಬುದಾರರು ನಗರಕ್ಕೆ ಬೇಕಾದರು.

ಈ ಕಸಬಿಗೆ ಉದ್ಯಮದ ರೂಪವನ್ನು ಕೊಟ್ಟವನು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕೆಗೆ ವಲಸೆ ಹೋದ ಜಾನ್ ಡೇವಿ. ಅವನು ೧೮೪೬ರಲ್ಲಿ ಸಾಮರ್ಸೆಟ್ ಪ್ರಾಂತದಲ್ಲಿ ಜನಿಸಿದನು. ಓಹಾಯೋ ಸಂಸ್ಥಾನದಲ್ಲಿ ಕಯಹೋಗ ನದಿಯ ಮೇಲಿರುವ ಕೆಂಟ್ ಪಟ್ಟಣದಲ್ಲಿ ನೆಲೆಸಿ, ೧೯೦೧ರಲ್ಲಿ 'ಮರದ ವೈದ್ಯ'ನೆಂಬ ಅರ್ಥದ ಹೆಸರುಳ್ಳ ಪುಸ್ತಕವನ್ನು ಹೊರತಂದನು. ೧೯೦೯ರಲ್ಲಿ ಅವನ ಹೆಸರಿನ ವ್ಯಾಪಾರಸಂಸ್ಥೆಯು ಸ್ಥಾಪಿತವಾಯಿತು. ಕಂಡಕಂಡಂತೆ ಮರದ ತಲೆಯನ್ನು ಕತ್ತರಿಸುತ್ತಿದ್ದವರ ಕಾಲದಲ್ಲಿ, ಮರವು ಜೀವಿಯೆಂದು ಸಾರಿ ಶಿಷ್ಯರಿಗೆ ಕ್ರಮವಾಗಿ ವಿದ್ಯೆಯನ್ನು ಕಲಿಸಿದುದು ಅವನ ಹಿರಿಮೆ. ಆದರೆ ಅವನ ಚಿಕಿತ್ಸೆಯು ಫಾರ್ಸಿತನದೇ. ಸಗಣಿಯ ಸ್ಥಾನಕ್ಕೆ ಸಿಮೆಂಟು ಬಂದಿತ್ತು, ಅಷ್ಟೆ. ಪೊಟರೆಯನ್ನು ಗಟ್ಟಿಮರದವರೆಗೆ ಕೆತ್ತಿ, ಹಲ್ಲಿನ ಕುಳಿಗೆ ತುಂಬುವಂತೆ ಗಾರೆಯನ್ನು ತುಂಬುವುದು. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ಯುವುದು. ಗಾಯಕ್ಕೆ ಟಾರು ಅಥವಾ ಬಣ್ಣವನ್ನು ಬಳಿಯುವುದು. ಈ ಮೂರೂ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಒಳ್ಳೆಯ ಕೆಲಸದ ಗುರುತುಗಳಾದುವು.

ಈ ಮೂರೂ ತಪ್ಪೆಂದು ತೋರಿಸಿದ ವಿದ್ವಾಂಸರು ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ (೧೯೩೦-೨೦೦೬). ಅವರ ಕಾಲಕ್ಕೆ ಕೈಯಲ್ಲಿ ಹಿಡಿಯಬಹುದಾದ ಯಂತ್ರಗರಗಸವು ಬಳಕೆಗೆ ಬಂದಿತ್ತು. ಹಿಂದಿನವರು ಮರವನ್ನು ಅಡ್ಡಲಾಗಿ ಕೊಯ್ದು ನೋಡುತ್ತಿದ್ದರು. ಇವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಕೊಳೆಯು ನಡೆದ ದಾರಿಯನ್ನು ಹಿಂಬಾಲಿಸಿದರು. ಮನುಷ್ಯನ ಮೈಯಲ್ಲಿ ಗಾಯಗೊಂಡ ಸ್ಥಳದಲ್ಲಿಯೇ ಹೊಸ ಮಾಂಸವು ಹುಟ್ಟುತ್ತದೆ. ಮರದಲ್ಲಿ ಹಾಗಿಲ್ಲ. ಕೆಟ್ಟ ಮರವು ಕೆಟ್ಟೇ ಇರುತ್ತದೆ. ಮರವು ಅದರ ಸುತ್ತಲೂ ರಾಸಾಯನಿಕವಾದ ಗೋಡೆಗಳನ್ನೆಬ್ಬಿಸಿ, ಅದನ್ನು ಒಂದು ಕೋಷ್ಠದಲ್ಲಿ ಬಂಧಿಸಿ, ಹೊರಗಿನಿಂದ ಹೊಸ ಪದರಗಳನ್ನು ಬೆಳೆಯಿಸಿಕೊಂಡು ಹೋಗುತ್ತದೆ. ಅಂದರೆ ಮರವು ವಾಸಿಯಾಗುವುದಿಲ್ಲ; ಮುಚ್ಚಿಕೊಳ್ಳುತ್ತದೆ. ೧೯೭೭ರಲ್ಲಿ ಪ್ರಕಟವಾದ ಈ ಸಿದ್ಧಾಂತದಲ್ಲಿ ಅಂತಹ ನಾಲ್ಕು ಬಗೆಯ ಗೋಡೆಗಳು ಹೇಳಲ್ಪಟ್ಟಿವೆ.

ಇದನ್ನು ಒಪ್ಪಿದ ಮೇಲೆ ಹಿಂದಿನವರ ಶಸ್ತ್ರಚಿಕಿತ್ಸೆಯು ಎಂತಹ ಅನರ್ಥವೆಂಬುದು ತಾನಾಗಿಯೇ ತಿಳಿಯುವುದು. ಕೊಳೆಯನ್ನು ಗಟ್ಟಿಮರದವರೆಗೆ ಕೆತ್ತಿದವನು ಮರವು ಶ್ರಮಪಟ್ಟು ಕಟ್ಟಿದ ಗೋಡೆಯನ್ನೇ ಕೆಡವಿ, ಕೊಳೆಗೆ ಬಾಗಿಲನ್ನು ತೆರೆದನು. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಕೊಯ್ದವನು, ಕೊಂಬೆಯ ಬುಡದಲ್ಲಿ ಕೊರಳಪಟ್ಟಿಯಂತೆ ಉಬ್ಬಿರುವ ಕಾವಲಿನ ಭಾಗವನ್ನು ಕತ್ತರಿಸಿ ಹಾಕಿದನು. ಬಣ್ಣವು ಕೊಳೆಯನ್ನು ತಡೆಯಲಿಲ್ಲ. ಎಚ್ಚರವುಳ್ಳ, ಮರಗಳಲ್ಲಿ ಪ್ರೀತಿಯುಳ್ಳ ಕಸಬುದಾರರೇ ಹೆಚ್ಚು ನುಣ್ಣಗೆ ಕೊಯ್ದು ಹೆಚ್ಚು ಕೆಡಿಸಿದರೆಂಬುದು ಈ ಚರಿತ್ರೆಯ ವಿಷಾದಕರವಾದ ಭಾಗ. ಬ್ರಿಟನ್ನಿನಲ್ಲಿ ಮರದ ಕೆಲಸಕ್ಕೆಂದು ೧೯೬೬ರಲ್ಲಿ ಮೊದಲು ಹೊರಟ ಪ್ರಮಾಣಸೂತ್ರಗಳು ೧೯೮೯ರಲ್ಲಿಯೂ ೨೦೧೦ರಲ್ಲಿಯೂ ಪರಿಷ್ಕೃತವಾದಾಗ ಹೊಸ ಮತಕ್ಕೆ ಅವುಗಳಲ್ಲಿ ಸ್ಥಾನವು ದೊರೆಯಿತು.

ಮರವನ್ನು ತೆಗೆಯುವ ವಿದ್ಯೆಯನ್ನೂ ಇಲ್ಲಿ ಹೇಳಬೇಕು. ಮನೆಗಳು ಒತ್ತಾಗಿರುವ ನದೀತೀರದ ಬೀದಿಯಲ್ಲಿ ಅದು ಉಳಿಸುವ ವಿದ್ಯೆಗಿಂತ ಸುಲಭವಲ್ಲ. ಕಾಡಿನಲ್ಲಿ ಮಾಡುವಂತೆ ಬುಡಕ್ಕೆ ಕೊಡಲಿ ಹಾಕಿ ಕೆಡಹುವಂತಿಲ್ಲ. ಮರ ಹತ್ತಿದವನು ತುದಿಯಿಂದ ತುಂಡುತುಂಡಾಗಿ ಕೊಯ್ಯುತ್ತ ಕೆಳಗೆ ಇಳಿಯುತ್ತಾನೆ. ಕೊಯ್ಯುವ ತುಂಡಿಗೆ ಹಗ್ಗವನ್ನು ಬಿಗಿದು, ಹಗ್ಗವನ್ನು ಮೇಲಿನ ಕವಲಿನಿಂದ ಇಳಿಬಿಟ್ಟು, ಕಾಂಡದ ಬುಡಕ್ಕೆ ಕೆಲವು ಸುತ್ತು ಸುತ್ತಿರುತ್ತಾರೆ. ಆ ಸುತ್ತುಗಳ ಉಜ್ಜಿನ ಬಲದಿಂದ ಕೆಳಗಿರುವ ಒಬ್ಬನೇ ಭಾರವಾದ ತುಂಡನ್ನು ಮೆಲ್ಲನೆ ಇಳಿಸಬಲ್ಲನು. ಭಾರದ ಕೊಂಬೆಗೆ ಮೂರು ಕೊಯ್ತಗಳು: ಮೊದಲು ಕೆಳಗಿನಿಂದ ಒಂದು, ಅದಕ್ಕಿಂತ ಆಚೆ ಮೇಲಿನಿಂದ ಒಂದು, ಕೊಂಬೆ ಬಿದ್ದ ಮೇಲೆ ಉಳಿದ ಮೋಟಿಗೆ ಕಡೆಯದು. ಮೊದಲನೆಯದನ್ನು ಬಿಟ್ಟರೆ ಬೀಳುವ ಕೊಂಬೆಯು ಕಾಂಡದ ತೊಗಟೆಯನ್ನು ಸುಲಿದುಕೊಂಡೇ ಹೋಗುವುದು. ಕಡಿಯುವುದರಿಂದ ಎಲ್ಲವೂ ಮುಗಿಯುವುದೂ ಇಲ್ಲ. ಲಂಡನ್ನಿನ ಬಹುಭಾಗದ ಜೇಡಿಮಣ್ಣು ಒಣಗಿದರೆ ಕುಗ್ಗಿ ನೆನೆದರೆ ಹಿಗ್ಗುವಂಥದು. ೧೯೭೬ರ ಬರದಲ್ಲಿ ಮನೆಗಳ ಗೋಡೆಗಳು ಬಿರಿದಾಗ ಮರಗಳ ಮೇಲೆ ಅಪವಾದವು ಬಂದಿತು. ಆದರೆ ನೀರನ್ನು ಹೀರುವ ಮರವನ್ನು ತೆಗೆದರೆ ಮಣ್ಣು ಉಬ್ಬಿ ಗೋಡೆಯು ಇನ್ನೊಂದು ಬಗೆಯಲ್ಲಿ ಬಿರಿಯಬಹುದು. ಕಾನೂನಿನ ನಿರ್ಬಂಧವೂ ಉಂಟು. ೧೯೪೭ರ ನಗರಯೋಜನೆಯ ಶಾಸನವು ಮರಗಳನ್ನು ರಕ್ಷಿಸುವ ಆಜ್ಞೆಗಳಿಗೆ ಬಲವನ್ನು ಕೊಟ್ಟಿತು. ಸಂರಕ್ಷಿತ ಪ್ರದೇಶವೆನಿಸಿಕೊಂಡ ಬಡಾವಣೆಯಲ್ಲಿ ಮರದ ಒಡೆಯನು ಕೂಡ ಆರು ವಾರ ಮುಂಚಿತವಾಗಿ ತಿಳಿಸದೆ ಮರಕ್ಕೆ ಗರಗಸವನ್ನು ಮುಟ್ಟಿಸಕೂಡದು.

ಕ್ಯೂವಿಗೆ ಮರಳಿ ಬಂದರೆ, ಅಲ್ಲಿ ಕಡಿಯಬೇಕಾಗಿ ಬಂದ ಮರವೊಂದು ಕಡಿಯುವವರಿಗೇ ಪಾಠ ಹೇಳಿದ ಸಂಗತಿಯು ಕಾಣಸಿಗುತ್ತದೆ. ೧೯೮೭ನೆಯ ಅಕ್ಟೋಬರ್ ೧೬ರ ಬೆಳಗಿನ ಜಾವದಲ್ಲಿ ದಕ್ಷಿಣ ಇಂಗ್ಲೆಂಡಿನ ಮೇಲೆ ಎರಗಿದ ಬಿರುಗಾಳಿಯು ಸುಮಾರು ಒಂದೂವರೆ ಕೋಟಿ ಮರಗಳನ್ನು ಕೆಡಹಿತು. ಕ್ಯೂ ತೋಟವೊಂದರಲ್ಲಿಯೇ ಸುಮಾರು ೭೦೦ ಮರಗಳು ಹೋದುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೆಟ್ಟಿದ್ದ ಟರ್ನರನ ಓಕ್ ಎಂಬ ಮುದಿಮರವನ್ನು ಗಾಳಿಯು ಬೇರಿನ ಹಾಸುಸಮೇತ ಮೇಲೆತ್ತಿ, ಮತ್ತೆ ಅದೇ ಕುಳಿಯಲ್ಲಿ ಕುಳ್ಳಿರಿಸಿತು. ಮರವು ಅದಕ್ಕೆ ಮೊದಲೇ ಸೊರಗಿದ್ದಿತು. ಬಿದ್ದ ಮರಗಳನ್ನು ತೆರವು ಮಾಡುವ ಅವಸರದಲ್ಲಿ ಅದಕ್ಕೆ ಊರೆಗಳನ್ನು ಕೊಟ್ಟು, ಅದರ ಸರದಿಯನ್ನು ಕಡೆಗೆ ಇಟ್ಟರು. ಸುಮಾರು ಮೂರು ವರ್ಷಗಳಾದ ಮೇಲೆ ಅದರ ಬಳಿಗೆ ಬಂದಾಗ, ಸಾಯಬೇಕಾಗಿದ್ದ ಮರವು ಹಿಂದಿಗಿಂತ ಸೊಂಪಾಗಿ ಚಿಗುರಿ ನಿಂತಿತ್ತು.

ತೋಟದ ಮರಗಳ ಹೊಣೆಯನ್ನು ಹೊತ್ತಿದ್ದ ಟೋನಿ ಕರ್ಕಮ್ ಮೊದಲಾದವರು ಇದರ ಕಾರಣವನ್ನು ಮಣ್ಣಿನಲ್ಲಿ ಕಂಡರು. ತಲೆಮಾರುಗಳಿಂದ ಸಂದರ್ಶಕರ ಕಾಲಡಿಯಲ್ಲಿ ತುಳಿಯಲ್ಪಟ್ಟು ಕಲ್ಲಿನಂತಾಗಿದ್ದ ನೆಲದಲ್ಲಿ ಬೇರುಗಳಿಗೆ ಗಾಳಿಯೂ ನೀರೂ ದೊರೆಯದೆ ಹೋಗಿದ್ದುವು. ಬಿರುಗಾಳಿಯು ಒಂದು ಕ್ಷಣದಲ್ಲಿ ಆ ನೆಲವನ್ನು ಸಡಿಲಿಸಿತು. ಕೊಂಬೆಯಲ್ಲಿ ಕಾಣುತ್ತಿದ್ದ ರೋಗದ ಮೂಲವು ನೆಲದಲ್ಲಿದ್ದಿತು. ಶಸ್ತ್ರವೈದ್ಯರ ಕಣ್ಣು ಇನ್ನೂರು ವರ್ಷ ಹುಣ್ಣಿನ ಮೇಲೆಯೇ ನೆಟ್ಟಿದ್ದಿತು. ಈ ಸಂದರ್ಭದಲ್ಲಿ ವರಾಹಮಿಹಿರನ ಅಧ್ಯಾಯದ ಆರಂಭವನ್ನು ಗಮನಿಸುವುದು ಯುಕ್ತ. ಶಸ್ತ್ರ, ಲೇಪಗಳ ಮಾತಿಗೆ ಬಹಳ ಮುಂಚೆಯೇ ಅವನು ಮೃದುವಾದ ಭೂಮಿಯು ಎಲ್ಲ ಮರಗಳಿಗೂ ಹಿತವೆಂದೂ, ಅದರಲ್ಲಿ ಎಳ್ಳನ್ನು ಬಿತ್ತಿ ಹೂಬಿಟ್ಟಾಗ ಅಲ್ಲಿಯೇ ಮರ್ದಿಸುವುದು ನೆಲಕ್ಕೆ ಮಾಡಬೇಕಾದ ಮೊದಲ ಕೆಲಸವೆಂದೂ ಹೇಳುತ್ತಾನೆ. ಮರಮರಗಳ ನಡುವೆ ಇಪ್ಪತ್ತು ಮೊಳದ ಅಂತರವು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಅಧಮವೆಂದು ಲೆಕ್ಕ ಕೊಟ್ಟು, ಬೇರು ಬೇರಿಗೆ ಹೆಣೆದುಕೊಂಡ ಮರಗಳು ಚೆನ್ನಾಗಿ ಫಲಿಸವೆಂದು ಕಾರಣವನ್ನೂ ತಿಳಿಸುತ್ತಾನೆ. ವೃಕ್ಷಾಯುರ್ವೇದದಲ್ಲಿ ಲೇಪವನ್ನು ಮಾತ್ರ ಹೊಗಳಿ, ಅಥವಾ ಲೇಪವನ್ನು ಮಾತ್ರ ಹಾಸ್ಯಮಾಡಿ, ಈ ಭಾಗವನ್ನು ಹಾಗೆಯೇ ದಾಟಿಹೋಗುವವರು ಎರಡು ಪಕ್ಷಗಳಲ್ಲಿಯೂ ಇದ್ದಾರೆ.

ಅಂದಿನಿಂದ ಕ್ಯೂವಿನಲ್ಲಿ ಮುದಿಮರಗಳ ಸುತ್ತಿನ ನೆಲಕ್ಕೆ ಒತ್ತಡದ ಗಾಳಿಯನ್ನು ಊದಿ, ಬೇರುಗಳಿಗೆ ಪೆಟ್ಟಾಗದಂತೆ ಮಣ್ಣನ್ನು ಸಡಿಲಿಸುವ ಕ್ರಮವು ಆರಂಭವಾಯಿತು. ಬುಡದ ಸುತ್ತ ಹುಲ್ಲನ್ನು ತೆಗೆದು ತರಗನ್ನು ಹೊದಿಸುವರು. ಜನರು ಕೊಂಬೆಯ ನೆರಳಿನಡಿ ತುಳಿಯದಂತಾಗಲು ಅದೇ ಸಾಕಾಗುವುದು. ಟರ್ನರನ ಓಕ್ ಮರವನ್ನು ಕಡಿಯಲಿಲ್ಲ.