ಮಾಚು ಪಿಚ್ಚುವನ್ನು 'ಪತ್ತೆ' ಹಚ್ಚಿದವರು ಯಾರು?

ಮೂರು ಕಿಟಕಿಗಳ ಗುಡಿ ಎಂದು ಕರೆಯುವ ಕಟ್ಟಡದ ಮುಂದೆ ನಮ್ಮ ಗೈಡ್ ನಿಂತರು. ಗುಂಪಿನಲ್ಲಿ ಇದ್ದದ್ದು ಎಂಟೇ ಜನ. ಮೂರು ವರ್ಷ ಚೀಟಿ ಕಟ್ಟಿ ಕೂಡಿಟ್ಟ ದುಡ್ಡಲ್ಲಿ ಇಷ್ಟು ದೂರ ಬಂದವರು ಬಹುಶಃ ನಾವೊಬ್ಬರೇ. ಗೈಡ್ ಕುಸ್ಕೊ ಕಡೆಯವರು, ಮನೆಮಾತು ಕೆಚುವಾ. ಗೋಡೆಯತ್ತ ಕೈ ತೋರಿಸಿ, "ಇಲ್ಲಿ ಒಂದು ಹೆಸರಿತ್ತು" ಎಂದರು. ನಾವು ನೋಡಿದೆವು. ಕಲ್ಲು ಮಾತ್ರ ಇತ್ತು.

ಆ ಹೆಸರು ಅಗಸ್ಟಿನ್ ಲಿಜಾರಗ. ಆತ ಇದೇ ಕಣಿವೆಯ ರೈತ. 1902ರಲ್ಲಿ ಉಳುಮೆಗೆ ಜಾಗ ಹುಡುಕುತ್ತಾ ಜೊತೆಗಾರರೊಂದಿಗೆ ಬೆಟ್ಟ ಹತ್ತಿದ. ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಹೆಸರು, ಇಸವಿ ಬರೆದ. ಒಂಬತ್ತು ವರ್ಷದ ಮೇಲೆ, 1911ರ ಜುಲೈ 24ರಂದು, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಹಿರಮ್ ಬಿಂಗಮ್ ಇಲ್ಲಿಗೆ ಬಂದ. ಶಾಲೆಯ ಪುಸ್ತಕದಲ್ಲಿ, ಪರೀಕ್ಷೆಯ ಗೈಡುಗಳಲ್ಲಿ ನಾವು ಓದಿದ್ದು ಬಿಂಗಮ್‌ನ ಹೆಸರನ್ನೇ.

ಬಿಂಗಮ್ ಬಂದ ದಿನದ ಕಥೆಯನ್ನು ಆತನೇ ಬರೆದಿದ್ದಾನೆ. ಅಂದು ಬೆಳಿಗ್ಗೆ ಜಿಟಿಜಿಟಿ ಮಳೆ. ತಂಡದವರಿಗೆ ಬೆಟ್ಟ ಹತ್ತುವ ಮನಸ್ಸಿರಲಿಲ್ಲ. ಒಬ್ಬರಿಗೆ ಬಟ್ಟೆ ಒಗೆಯುವುದಿತ್ತು, ಇನ್ನೊಬ್ಬರಿಗೆ ನದಿಯ ಬದಿಯಲ್ಲಿ ಚಿಟ್ಟೆ ಹಿಡಿಯುವುದಿತ್ತು. ಮೆಲ್ಚೋರ್ ಆರ್ತೆಯಾಗ ಎಂಬ ಸ್ಥಳೀಯ ದಾರಿ ತೋರಿಸಲು ಒಪ್ಪಿದ. ಅದಕ್ಕೆ ಕೊಟ್ಟ ಕೂಲಿ ಒಂದು ಸೋಲ್. ಮೇಲೆ ರಿಚಾರ್ತೆ ಮತ್ತು ಆಲ್ವಾರೆಸ್ ಎಂಬ ಎರಡು ರೈತ ಕುಟುಂಬಗಳು ಆಗಲೇ ಬದುಕುತ್ತಿದ್ದವು. ಇಂಕಾಗಳು ಕಟ್ಟಿದ ಮೆಟ್ಟಿಲು ಹೊಲಗಳನ್ನು ಸವರಿ ಜೋಳ, ಆಲೂಗಡ್ಡೆ ಬೆಳೆದಿದ್ದರು. ತೆರಿಗೆಯವರು, ಸೈನ್ಯಕ್ಕೆ ಜನ ಹಿಡಿಯುವವರು ಅಷ್ಟು ಮೇಲೆ ಹತ್ತಿ ಬರುವುದಿಲ್ಲ ಎನ್ನುವುದು ಅವರಿಗೆ ನೆಮ್ಮದಿ. ಬಂದವನಿಗೆ ತಣ್ಣೀರು, ಬೇಯಿಸಿದ ಗೆಣಸು ಕೊಟ್ಟು ಉಪಚರಿಸಿದರು. ಆಮೇಲೆ ಒಬ್ಬ ಚಿಕ್ಕ ಹುಡುಗ ಮುಂದೆ ನಡೆದು ಪಾಳು ಊರನ್ನು ತೋರಿಸಿದ.

ಗೋಡೆಯ ಮೇಲಿನ ಹೆಸರನ್ನು ಬಿಂಗಮ್ ನೋಡಿದ. ಲಿಜಾರಗನೇ ಇದನ್ನು ಕಂಡವನು ಎಂದು ದಿನಚರಿಯಲ್ಲಿ ಬರೆದುಕೊಂಡ. ಮರುವರ್ಷವೇ ಲಿಜಾರಗ ನದಿಯಲ್ಲಿ ಕೊಚ್ಚಿಹೋಗಿ ಸತ್ತ. 1913ರ ಏಪ್ರಿಲ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಇಡೀ ಸಂಚಿಕೆಯನ್ನು ಬಿಂಗಮ್‌ನ ಶೋಧಕ್ಕೆ ಮೀಸಲಿಟ್ಟಿತು. ಬಿಂಗಮ್ ಲೋಕಪ್ರಸಿದ್ಧನಾದ, ಲಿಜಾರಗನ ಹೆಸರು ಮಸುಕಾಗುತ್ತಾ ಹೋಯಿತು.

ತಮಾಷೆಯೆಂದರೆ ಬಿಂಗಮ್ ಹುಡುಕುತ್ತಿದ್ದದ್ದು ಇದನ್ನಲ್ಲ. 1532ರಲ್ಲಿ ಸ್ಪೇನಿನ ಪಿಸಾರೊ ಕಹಮಾರ್ಕಾದಲ್ಲಿ ಇಂಕಾ ದೊರೆ ಅತಾಹುಲ್ಪನನ್ನು ಸೆರೆಹಿಡಿದು ಮರುವರ್ಷ ಕೊಲ್ಲಿಸಿದ. ನಂತರ ಮ್ಯಾಂಕೊ ಇಂಕಾ ಎಂಬ ರಾಜ ಬಂಡೆದ್ದು ಕಾಡು ಸೇರಿ, ವಿಲ್ಕಬಾಂಬ ಎಂಬಲ್ಲಿ ನೆಲೆ ನಿಂತ. 1572ರಲ್ಲಿ ಕೊನೆಯ ಇಂಕಾ ಟುಪಾಕ್ ಅಮರುವಿನ ತಲೆ ಕಡಿಯುವವರೆಗೂ ಆ ಪ್ರತಿರೋಧ ನಡೆಯಿತು. ಬಿಂಗಮ್‌ಗೆ ಬೇಕಿದ್ದದ್ದು ಆ ವಿಲ್ಕಬಾಂಬ. ಮಾಚು ಪಿಚ್ಚುವೇ ಅದು ಎಂದು ವಾದಿಸಿದ. ನಿಜವಾದ ವಿಲ್ಕಬಾಂಬ ಇರುವುದು ಎಸ್ಪಿರಿತು ಪಂಪಾದಲ್ಲಿ. ಅಲ್ಲಿಗೂ ಆತ ಅದೇ ವರ್ಷ ಹೋಗಿದ್ದ, ಗುರುತು ಹಿಡಿಯಲಿಲ್ಲ.

ಹಾಗಾದರೆ ಮಾಚು ಪಿಚ್ಚು ಏನು? ಇಂಕಾ ಸಾಮ್ರಾಜ್ಯವನ್ನು ಬೆಳೆಸಿದ ಪಚಕುಟಿ ರಾಜನ ಸ್ವಂತ ಆಸ್ತಿ ಎನ್ನುವುದು ಈಗಿನ ವಿದ್ವಾಂಸರ ಅಭಿಪ್ರಾಯ. ಹದಿನಾರನೇ ಶತಮಾನದ ಜಮೀನು ದಾಖಲೆಗಳು ಅದಕ್ಕೆ ಆಧಾರ. ಇಲ್ಲಿ ಸಿಕ್ಕ ಮೂಳೆಗಳ ಕಾರ್ಬನ್ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸುಮಾರು 1420ರಿಂದ 1530ರವರೆಗೆ ಇಲ್ಲಿ ಜನವಸತಿ ಇತ್ತು. ಊರಿನ ಮೂಲ ಹೆಸರು ಹುಯೈನಾ ಪಿಚ್ಚು ಇರಬಹುದು ಎಂದು ಇತ್ತೀಚೆಗೆ ಇಬ್ಬರು ಸಂಶೋಧಕರು ಹಳೇ ನಕ್ಷೆ, ಕಡತ ನೋಡಿ ಹೇಳಿದ್ದಾರೆ. ಅಂದರೆ ನಾವು ಕರೆಯುತ್ತಿರುವ ಹೆಸರೂ ಅದರದ್ದಲ್ಲದಿರಬಹುದು.

ಕಟ್ಟಿದವರ ಹೆಸರಂತೂ ಎಲ್ಲೂ ಇಲ್ಲ. ಇಂಕಾಗಳ ಕಾಲದಲ್ಲಿ ತೆರಿಗೆ ಕೊಡುತ್ತಿದ್ದದ್ದು ದುಡಿಮೆಯಲ್ಲಿ. ಮಿತಾ ಎಂಬ ಆ ಪದ್ಧತಿಯಲ್ಲಿ ಮನೆಗಳವರು ಸರದಿ ಮೇಲೆ ರಾಜ್ಯದ ಕೆಲಸಕ್ಕೆ ಬರಬೇಕಿತ್ತು. ಕಬ್ಬಿಣವಿಲ್ಲ, ಗಾಲಿಯಿಲ್ಲ, ಎಳೆಯಲು ಎತ್ತಿಲ್ಲ. ಆದರೂ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ್ದಾರೆ. ಇಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ. ಐದು ನೂರು ವರ್ಷ ಆ ಮಳೆಗೆ ಗುಡ್ಡ ಜಾರದೆ ನಿಂತದ್ದು ಹೇಗೆ? ಉತ್ತರ ಮಣ್ಣಿನಡಿ ಇದೆ. ಮೆಟ್ಟಿಲು ಹೊಲಗಳ ಅಡಿಯಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ ಮರಳು, ಮೇಲೆ ಮಣ್ಣು. ನೀರು ಇಂಗಿ ಇಳಿದು ಹೋಗುತ್ತದೆ. ಕಟ್ಟಿದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದೊಳಗೇ ಇದೆ ಎಂದು ಎಂಜಿನಿಯರುಗಳು ಅಂದಾಜಿಸಿದ್ದಾರೆ. ಬುಗ್ಗೆಯಿಂದ ಸುಮಾರು 750 ಮೀಟರ್ ಕಾಲುವೆ ತೆಗೆದು 16 ಕಾರಂಜಿಗಳಿಗೆ ನೀರು ಹರಿಸಿದ್ದಾರೆ. ಇಳಿಜಾರು ಇಷ್ಟೇ ಇರಬೇಕೆಂದು ಲೆಕ್ಕ ಹಾಕಿದವನು ಯಾವನೋ ಪುಣ್ಯಾತ್ಮ.

ಬಿಂಗಮ್‌ನ ತಂಡ ಇಲ್ಲಿಂದ ಸಾವಿರಾರು ವಸ್ತುಗಳನ್ನು ಯೇಲ್‌ಗೆ ಸಾಗಿಸಿತು. ಪೆರು ದೇಶ ದಶಕಗಳ ಕಾಲ ವಾಪಸು ಕೇಳಿತು. ಕೊನೆಗೆ 2010ರಲ್ಲಿ ಒಪ್ಪಂದವಾಗಿ, ಮುಂದಿನ ಎರಡು ವರ್ಷಗಳಲ್ಲಿ ಅವು ಮರಳಿದವು. ಈಗ ಕುಸ್ಕೊದ ಕಾಸಾ ಕೊಂಚಾ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ವಸ್ತುಗಳು ವಾಪಸು ಬಂದವು. ಲಿಜಾರಗನ ಹೆಸರು ಇನ್ನೂ ಪೂರ್ತಿ ವಾಪಸು ಬಂದಿಲ್ಲ.

ಇಳಿಯುವಾಗ ಬಸ್ಸಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ಫೋಟೊ ನೋಡುತ್ತಿದ್ದರು. ನಮಗೆ ನಮ್ಮದೇ ಒಂದು ಸುದ್ದಿ ನೆನಪಾಯಿತು. ಕೆಲವು ವರ್ಷದ ಹಿಂದೆ ನಮ್ಮ ತಾಲೂಕಿನ ಒಂದು ಹೊಲದಲ್ಲಿದ್ದ ವೀರಗಲ್ಲಿನ ಬಗ್ಗೆ ಬರೆದಿದ್ದೆವು. 'ಅಪರೂಪದ ವೀರಗಲ್ಲು ಪತ್ತೆ' ಎಂದು ತಲೆಬರಹ. ಪತ್ತೆ ಹಚ್ಚಿದವರೆಂದು ಕಾಲೇಜಿನ ಉಪನ್ಯಾಸಕರೊಬ್ಬರ ಹೆಸರು, ಫೋಟೊ. ನಮಗೆ ಬೈಲೈನ್ ಬರಲಿಲ್ಲ ಎಂದು ನಾಲ್ಕು ದಿನ ಕೊರಗಿದ್ದೆವು.

ಆದರೆ ಆ ಕಲ್ಲಿನವರೆಗೆ ನಮ್ಮನ್ನು ಕರೆದೊಯ್ದದ್ದು ಹೊಲದ ಮನೆಯ ಅಜ್ಜಿ. ಮದುವೆಯಾಗಿ ಬಂದ ದಿನದಿಂದ ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದವರು ಅವರು. ಅವರ ಅತ್ತೆಯೂ ಹಚ್ಚುತ್ತಿದ್ದರಂತೆ. ಯಾರಿಗೂ ಕಳೆದುಹೋಗದ ಕಲ್ಲನ್ನು ನಾವು 'ಪತ್ತೆ' ಎಂದು ಬರೆದೆವು.

ಊರಿಗೆ ಬಂದ ಮೇಲೆ ಹಳೇ ನೋಟ್‌ಬುಕ್ ಹುಡುಕಿ ತೆಗೆದೆವು. ಕಲ್ಲಿನ ಎತ್ತರ ಇದೆ, ಅಗಲ ಇದೆ, ಎಷ್ಟು ಸಾಲು ಅಕ್ಷರ ಎನ್ನುವುದಿದೆ, ಉಪನ್ಯಾಸಕರ ಫೋನ್ ನಂಬರ್ ಇದೆ. ಅಜ್ಜಿಯ ಹೆಸರಿಲ್ಲ. ಬರುವ ಅಮಾವಾಸ್ಯೆಗೆ ಆ ಹೊಲಕ್ಕೆ ಹೋಗಿ ಕೇಳಿ ಬರೆದುಕೊಳ್ಳಬೇಕು.