ಕೋಟೆಯ ಲೆಕ್ಕ, ಕೇರಿಯ ಲೆಕ್ಕ

ಕಲಬುರಗಿ ಕೋಟೆಯೊಳಗೆ ಒಂದು ತೋಪು ಇದೆ. 29 ಅಡಿ ಉದ್ದ ಎಂದು ಹೇಳುತ್ತಾರೆ. ನೋಡಲು ಬಂದವರು ಅದರ ಉದ್ದ ಕೇಳುತ್ತಾರೆ, ಗುಂಡು ಎಷ್ಟು ದೂರ ಹಾರುತ್ತಿತ್ತು ಅಂತ ಕೇಳುತ್ತಾರೆ. ಇದಕ್ಕೆ ರೊಕ್ಕ ಯಾರು ಕೊಟ್ಟರು, ಇದನ್ನು ಬುರುಜಿನ ಮೇಲೆ ಏರಿಸಿದವರಿಗೆ ಕೂಲಿ ಸಿಕ್ಕಿತೆ ಎಂದು ಕೇಳುವವರು ಯಾರೂ ಇಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ ಇತಿಹಾಸದಲ್ಲಿ ರಾಜರ ಹೆಸರಿದೆ, ಇಸವಿ ಇದೆ, ಯುದ್ಧ ಇದೆ. ಖರ್ಚಿನ ಪಟ್ಟಿ ಮಾತ್ರ ಇಲ್ಲ.

ಸರಕಾರ ಆಗಾಗ ಒಂದು ಮಾತು ಹೇಳುತ್ತದೆ: ಖಜಾನೆ ಖಾಲಿಯಾಗಿದೆ, ಖರ್ಚಿಗೆ ಕಡಿವಾಣ ಹಾಕಬೇಕು, ಆದಾಯ ಖರ್ಚು ಸರಿದೂಗಿಸಬೇಕು. ಕೇಳಲಿಕ್ಕೆ ನ್ಯಾಯದ ಮಾತು. ನಮ್ಮ ಮನೆಗಳಲ್ಲೂ ಬರಗಾಲದಾಗ ಖರ್ಚು ಕಡಿಮೆ ಮಾಡುತ್ತೇವೆ. ಆದರೆ ನಮ್ಮ ಮನೆಯಲ್ಲಿ ಮೊದಲು ರೊಟ್ಟಿ ಬಿಡುವವಳು ಯಾರು? ಅವ್ವ. ಗಂಡಸರು ಉಂಡ ಮೇಲೆ ಬುಟ್ಟಿಯಲ್ಲಿ ಉಳಿದದ್ದು ಅವಳಿಗೆ. ಮನೆಯ ಲೆಕ್ಕ ಸರಿಯಾಗುವುದು ಅವಳ ಹೊಟ್ಟೆಯಲ್ಲಿ. ರಾಜ್ಯದ ಲೆಕ್ಕ ಯಾರ ಹೊಟ್ಟೆಯಲ್ಲಿ ಸರಿಯಾಗುತ್ತ ಬಂದಿದೆ ಎಂಬುದನ್ನು ಈ ಕೋಟೆಯ ನೆರಳಿನಲ್ಲೇ ನಿಂತು ನೋಡೋಣ.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಆ ಶತಮಾನದ ಕೊನೆಗೆ ಆಳಿದ ಮಹಮ್ಮದ್ ಶಾಹನ ಕಾಲದಲ್ಲಿ ಬರ ಬಿದ್ದಾಗ, ಸುಲ್ತಾನ ಸ್ವಂತ ಖರ್ಚಿನಲ್ಲಿ ಹತ್ತು ಸಾವಿರ ಎತ್ತು ಹೂಡಿಸಿ ಮಾಳವ, ಗುಜರಾತಿನಿಂದ ಧಾನ್ಯ ತರಿಸಿ ಅಗ್ಗದ ಬೆಲೆಗೆ ಮಾರಿಸಿದನೆಂದೂ, ಕಲಬುರಗಿ, ಬೀದರ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಶಾಲೆ ಇಟ್ಟನೆಂದೂ ಚರಿತ್ರಕಾರ ಫರಿಷ್ತಾ ಬರೆದಿದ್ದಾನೆ. ಫರಿಷ್ತಾ ಬಿಜಾಪುರದ ಆಸ್ಥಾನದಲ್ಲಿ ಕೂತು ಇನ್ನೂರು ವರ್ಷದ ನಂತರ ಬರೆದವನು. ಹೊಗಳಿಕೆಯನ್ನು ಕಳೆದೇ ನಾವು ಅದನ್ನು ಓದಬೇಕು. ಆದರೂ ಒಂದು ಮಾತು ನಿಲ್ಲುತ್ತದೆ: ಬರದಲ್ಲಿ ಖಜಾನೆಯ ಬಾಯಿ ಬಿಚ್ಚಬೇಕು, ಕಟ್ಟಬಾರದು ಎಂಬ ತಿಳುವಳಿಕೆ ಆರು ನೂರು ವರ್ಷದ ಹಿಂದೆಯೇ ಈ ಊರಿಗೆ ಇತ್ತು. ಅದನ್ನು ಮುಂದೆ ಬಂದ 'ನಾಗರಿಕ' ಆಳರಸರು ಮರೆತರು.

ಈಗ ನಿಜಾಮನ ಕಾಲಕ್ಕೆ ಬರೋಣ. 19ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರು ನಿಜಾಮನ ತಲೆಗೆ ಒಂದು ಸೈನ್ಯವನ್ನು ಕಟ್ಟಿದರು. ಹೈದರಾಬಾದ್ ಕಂಟಿಂಜೆಂಟ್ ಅಂತ ಅದರ ಹೆಸರು. ಅಧಿಕಾರಿಗಳು ಇಂಗ್ಲಿಷರು, ಹುಕುಂ ಇಂಗ್ಲಿಷರದು, ಸಂಬಳ ಮಾತ್ರ ನಿಜಾಮನದು. ಈ ಖರ್ಚಿಗೆ ರೊಕ್ಕ ಹುಟ್ಟಿಸಲು ದಿವಾನ ಚಂದೂಲಾಲ್ ಕಂದಾಯ ವಸೂಲಿಯನ್ನೇ ಗುತ್ತಾ ಕೊಟ್ಟ. ಹೆಚ್ಚು ಕೂಗಿದವನಿಗೆ ತಾಲೂಕು. ಅವನು ಕೊಟ್ಟದ್ದಕ್ಕಿಂತ ಹೆಚ್ಚು ಹಿಂಡಿಕೊಳ್ಳದೆ ಬಿಟ್ಟಾನೆಯೆ? ಸಾಲದ ಮೇಲೆ ಸಾಲ ಬೆಳೆಯಿತು. ಕೆಲವು ತಾಲೂಕುಗಳು ಸಾಹುಕಾರರಿಗೆ, ಅರಬ್ ಮತ್ತು ರೋಹಿಲಾ ದಂಡಿನ ಯಜಮಾನರಿಗೆ ಒತ್ತೆ ಬಿದ್ದವು.

1853ರ ಮೇ ತಿಂಗಳಲ್ಲಿ ಕಂಪನಿ ಸರಕಾರ ಬಾಕಿ ಕೇಳಿತು. ನಲವತ್ತು ಲಕ್ಷಕ್ಕೂ ಮಿಕ್ಕಿದ ಆ ಬಾಕಿಗೆ ಮತ್ತು ಮುಂದಿನ ಸಂಬಳಕ್ಕೆ ಬೇರಾರ್, ಧಾರಾಶಿವ ಸೀಮೆ, ರಾಯಚೂರು ದೋಆಬ್ ಇಷ್ಟನ್ನೂ ಕಿತ್ತುಕೊಂಡಿತು. ಸೈನ್ಯದ ಪಗಾರಕ್ಕೆ ಜಿಲ್ಲೆಗಳನ್ನು ಕೊಟ್ಟದ್ದು ಹೀಗೆ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ ಸೋತು ಸೆರೆಯಾಗಿ ಸತ್ತ. 1860ರಲ್ಲಿ ಆ ಸುರಪುರವನ್ನು ಇಂಗ್ಲಿಷರು ನಿಜಾಮನಿಗೆ ಇನಾಮು ಕೊಟ್ಟರು, 50 ಲಕ್ಷ ಸಾಲ ಮನ್ನಾ ಮಾಡಿದರು, ದೋಆಬ್ ಮತ್ತು ಧಾರಾಶಿವ ತಿರುಗಿ ಕೊಟ್ಟರು. ಏಳು ವರ್ಷದಲ್ಲಿ ರಾಯಚೂರಿನ ರೈತ ಎರಡು ಸಲ ಕೈ ಬದಲಾದ. ಅವನನ್ನು ಯಾರೂ ಕೇಳಲಿಲ್ಲ. ಹೊಲದಲ್ಲಿ ದುಡಿಯುವ ಹೊಲೆಯ ಮಾದಿಗರನ್ನಂತೂ ಕೇಳುವ ಮಾತೇ ಇಲ್ಲ. ಅವರು ಹೊಲದ ಜೊತೆಗೇ ಲೆಕ್ಕ.

ಆ 1853ರಲ್ಲೇ 24 ವರ್ಷದ ಸಾಲಾರ್ ಜಂಗ್ ದಿವಾನನಾದ. ಖಜಾನೆ ಬರಿದಾಗಿತ್ತು. ಅವನು ಖರ್ಚು ಕಡಿಮೆ ಮಾಡಿದ, ಒತ್ತೆ ಬಿದ್ದ ತಾಲೂಕು ಬಿಡಿಸಿಕೊಂಡ, ಗುತ್ತಾ ಪದ್ಧತಿ ತೆಗೆದು ಸಂಬಳದ ತಾಲೂಕುದಾರರನ್ನು ಇಟ್ಟ. 1865ರಲ್ಲಿ ಜಿಲ್ಲೆಗಳ ಆಡಳಿತ ಗೊತ್ತು ಮಾಡಿದ. ಬುದ್ಧಿವಂತ ಆಡಳಿತಗಾರ ಅವನು, ಇದನ್ನು ಒಪ್ಪಲೇಬೇಕು. ಅವನು ದೊಡ್ಡವರ ಕೈಯನ್ನೂ ಕಟ್ಟಿದ. ಎಲ್ಲ ಉಳಿತಾಯವೂ ಬಡವರ ಮೇಲೆ ಬೀಳುತ್ತದೆ ಎಂದು ಹೇಳಿದರೆ ತಪ್ಪಾದೀತು.

ಆದರೆ ಅವನ ಲೆಕ್ಕದ ಪುಸ್ತಕದಲ್ಲೂ ಒಂದು ಕಲಮು ಇರಲಿಲ್ಲ. ಸಾಹೇಬರು ಊರಿಗೆ ದೌರೆ ಬಂದರೆ ಗಂಟು ಹೊರುವವರು, ಕಟ್ಟಿಗೆ ಒಡೆಯುವವರು, ಕುದುರೆಗೆ ಹುಲ್ಲು ತರುವವರು, ರಾತ್ರಿ ದೀವಟಿಗೆ ಹಿಡಿದು ಮುಂದಿನ ಊರಿಗೆ ಓಡುವವರು ಯಾರು? ಸರಕಾರದ ಓಲೆ ಒಯ್ಯುವ ವಾಲಿಕಾರ, ಬಿಟ್ಟಿ ದುಡಿಯುವ ಬೇಗಾರ. ಇವು ಇಂದಿಗೂ ನಮ್ಮ ಮನೆತನಗಳ ಹೆಸರು. ಖಜಾನೆಯಿಂದ ಸಂಬಳ ಇಲ್ಲ. ಎಲ್ಲೋ ಒಂದು ತುಂಡು ಇನಾಮು ಹೊಲ, ಸುಗ್ಗಿಯಲ್ಲಿ ಕಣದ ತಳದ ಜೋಳ. ಕಮಲಾಪುರದ ಕಡೆಯ ಒಬ್ಬ ಮುತ್ಯಾ ಹೇಳುತ್ತಿದ್ದ: "ಸರಕಾರದ ಕುದುರಿಗಿ ಹುರಳಿ ಬರೀತಿದ್ರು, ನಮಗ ಏನೂ ಬರೀತಿರಲಿಲ್ಲಪ್ಪಾ." ಕುದುರೆಗೂ ಇದ್ದ ಜಾಗ ಆ ಪುಸ್ತಕದಲ್ಲಿ ಮನುಷ್ಯನಿಗೆ ಇರಲಿಲ್ಲ. ಆ ದುಡಿಮೆಗೆ ಕೂಲಿ ಕಟ್ಟಿದ್ದರೆ ನಿಜಾಮನ ಆಯವ್ಯಯ ಸರಿದೂಗುತ್ತಿತ್ತೆ? ಹಾಗಾದರೆ ಅದು ನಾವು ಸರಕಾರಕ್ಕೆ ಕೊಟ್ಟ ಸಾಲ. ಸಾಲಾರ್ ಜಂಗ್ ಅರಬರ ಸಾಲ ತೀರಿಸಿದ, ಸಾಹುಕಾರರ ಸಾಲ ತೀರಿಸಿದ. ನಮ್ಮದು ಬಾಕಿ ಉಳಿಯಿತು.

ಸಾಲ ತೀರಿಸುವುದರಲ್ಲೂ ಮೇಲು ಕೀಳು ಇದೆ. 1883ರಲ್ಲಿ ನಿಜಾಮನ ರೈಲನ್ನು ಲಂಡನ್ನಿನ ಕಂಪನಿಗೆ ಕೊಟ್ಟಾಗ, ಹಾಕಿದ ಬಂಡವಾಳಕ್ಕೆ ನೂರಕ್ಕೆ ಐದು ಬಡ್ಡಿ ಇಪ್ಪತ್ತು ವರ್ಷ ಖಜಾನೆಯಿಂದಲೇ ಕೊಡುವುದಾಗಿ ಮಾತು ಕೊಟ್ಟರು. ರೈಲಿಗೆ ಹೆಸರೇ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಇವತ್ತು ಬಡವರಿಗೆ ಗ್ಯಾರಂಟಿ ಎಂದರೆ ಮೂಗು ಮುರಿಯುವವರು ಇದನ್ನು ನೆನಪಿಡಲಿ: ಈ ನಾಡು ಕಂಡ ಹಳೆಯ ಗ್ಯಾರಂಟಿ ಬಂಡವಾಳಗಾರರಿಗೆ ಸಿಕ್ಕದ್ದು.

ಆ ನಡುವೆ 1876ರಿಂದ 78ರ ದೊಡ್ಡ ಬರ ದಖ್ಖನ್ನನ್ನೆಲ್ಲ ಸುಟ್ಟಿತು. ನಮ್ಮ ಸೀಮೆಯೂ ಬೆಂದಿತು. ತುಂಗಭದ್ರೆಯ ಆಚೆ ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲಿ, ನೇರ ಇಂಗ್ಲಿಷರ ಕೈಯಲ್ಲಿ ಇತ್ತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ಖರ್ಚು ತಗ್ಗಿಸಲು ರಿಚರ್ಡ್ ಟೆಂಪಲ್‌ನನ್ನು ಮದ್ರಾಸಿಗೆ ಕಳಿಸಿದ. ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಕ್ಕೂ ಕಡಿಮೆ, ಮೇಲೆ ಒಂದಾಣೆ ಎಂದು ಅವನು ಗೊತ್ತು ಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ವಾದಿಸಿದ. ಆ ಕೂಲಿ ಏರಿಸುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು, ಹೆಣಗಳು ಬಿದ್ದಿದ್ದವು. ಆಮೇಲೆ ಬರಕ್ಕೆಂದು ಹೊಸ ತೆರಿಗೆ ಹಾಕಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ನಿಧಿ ಮಾಡಿದರು. ಅಫಘಾನ್ ಯುದ್ಧ ಬಂತು. ಬರದ ರೊಕ್ಕ ತೋಪಿಗೆ ಹೋಯಿತು. ಉಳಿತಾಯ ಎಂಬ ಮಾತಿನ ಅಸಲು ಮುಖ ಇದು.

ಈ ಲೆಕ್ಕವನ್ನು ಮೊದಲು ನಮ್ಮ ಕಣ್ಣಿನಿಂದ ಓದಿದವರು ಬಾಬಾಸಾಹೇಬರು. 1915ರಲ್ಲಿ ಕೊಲಂಬಿಯಾದಲ್ಲಿ ಅವರು ಬರೆದ ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಹಣಕಾಸಿನ ಮೇಲೆ. 1925ರಲ್ಲಿ ಅಚ್ಚಾದ ಪುಸ್ತಕ ಪ್ರಾಂತಗಳ ಹಣಕಾಸಿನ ಮೇಲೆ. ಭೂಕಂದಾಯ, ಉಪ್ಪಿನ ತೆರಿಗೆ ಬಡವನ ಹೆಗಲ ಮೇಲೆ, ಖರ್ಚು ಸೈನ್ಯಕ್ಕೆ, ಶಾಲೆಗೆ, ಜನೋಪಯೋಗಿ ಕೆಲಸಕ್ಕೆ ಚೂರು ಪಾರು. ಇದನ್ನು ಅವರು ಅಂಕಿಸಂಖ್ಯೆ ಇಟ್ಟು ತೋರಿಸಿದರು. ನಾವು ಅವರ ಫೋಟೋಕ್ಕೆ ಹಾರ ಹಾಕುತ್ತೇವೆ, ಈ ಪುಸ್ತಕ ತೆರೆಯುವುದಿಲ್ಲ.

ಈಗ ನಮ್ಮದೇ ಸರಕಾರ. ವಂಶಪಾರಂಪರ್ಯ ಊರ ಚಾಕರಿ 1961ರ ಕಾಯಿದೆಯಿಂದ ಹೋಯಿತು, ಜೀತ 1976ರ ಕಾಯಿದೆಯಿಂದ. ಹಳೆಯ ಬಾಕಿಯ ಒಂದು ಕಂತು ಎಂಬಂತೆ 2013ರಲ್ಲಿ ಕರ್ನಾಟಕ ಒಂದು ಕಾಯಿದೆ ಮಾಡಿತು: ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕಂತೆ, ಅಂದರೆ ಅಭಿವೃದ್ಧಿಯ ರೊಕ್ಕದಲ್ಲಿ ನೂರಕ್ಕೆ 24.1 ಪಾಲು ಅವರಿಗೇ. ಅದೇ ಹೊತ್ತಿಗೆ 371(ಜೆ) ಕಲಂ ಬಂದು ಈ ಹಿಂದುಳಿದ ಭಾಗದ ಹುದ್ದೆಗಳಲ್ಲಿ ಇಲ್ಲಿಯವರಿಗೆ ಪಾಲು ಸಿಕ್ಕಿತು. ಇನ್ನೊಂದು ಕಡೆ 2002ರ ವಿತ್ತೀಯ ಹೊಣೆಗಾರಿಕೆ ಕಾಯಿದೆ ಇದೆ. ಕೊರತೆ ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ 3 ದಾಟಬಾರದು ಎಂಬುದು ಅದರ ಕಟ್ಟಳೆ. ಬಡ್ಡಿ ಕಡಿಯಲಾಗದು, ಪಿಂಚಣಿ ಕಡಿಯಲಾಗದು. ಕತ್ತರಿ ಎಲ್ಲಿ ಹೋಗುತ್ತದೆ? ತುಂಬದೆ ಬಿಟ್ಟ ಹುದ್ದೆಯ ಕಡೆ. 2020ರ ಜುಲೈನಲ್ಲಿ ಕೊರೊನಾದ ಕಾರಣ ಕೊಟ್ಟು ನೇರ ನೇಮಕಾತಿ ತಡೆದಾಗ, ಬ್ಯಾಕ್‌ಲಾಗ್ ಹುದ್ದೆಗಳನ್ನೂ ಕಲ್ಯಾಣ ಕರ್ನಾಟಕದ ಹುದ್ದೆಗಳನ್ನೂ ಬಿಡಲಿಲ್ಲ. 2024-25ರಲ್ಲಿ ಉಪಯೋಜನೆಯ 39 ಸಾವಿರ ಕೋಟಿಯಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು.

ಗ್ಯಾರಂಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ಟಿಕೀಟಿಲ್ಲದೆ ಕೂಲಿಗೆ ಹೋಗುವವರು ನಮ್ಮ ಅಕ್ಕ ತಂಗಿಯರೇ, ಆ ಅಕ್ಕಿ ನಮ್ಮ ಒಲೆಯ ಮೇಲೂ ಬೇಯುತ್ತದೆ, ಸರಕಾರದ ವಾದವೂ ಇದೇ. ಆದರೆ ಎಲ್ಲರಿಗೂ ಸಿಗುವ ಅಕ್ಕಿ ಎಲ್ಲರ ಲೆಕ್ಕದಲ್ಲಿ ಬರೆಯಬೇಕು. ನಮಗೆ ಕೊಡುವ ಅಕ್ಕಿಯನ್ನು ನಮ್ಮ ಮಕ್ಕಳ ಹಾಸ್ಟೆಲ್ಲಿಗೆ, ಭೂಮಿಗೆ, ಕೊಳವೆಬಾವಿಗೆ ಇಟ್ಟ ಗಂಟಿನಿಂದ ತೆಗೆದರೆ ಅದು ಉಪಕಾರವಲ್ಲ. ನಮ್ಮ ಬಲಗಿಸೆಯದು ತೆಗೆದು ಎಡಗಿಸೆಗೆ ಹಾಕಿದಂತೆ.

ಗೆಳೆಯರೆ, ಹಳ್ಳಿ ಶಾಲೆಯ ಮೇಷ್ಟ್ರೇ, ಬಜೆಟ್ಟು ಪಂಡಿತರ ಪುಸ್ತಕ ಎಂದು ಹೆದರಬೇಡಿ. ನಮ್ಮ ಆಯಿಗಳು ಸಾಹುಕಾರನ ಚೋಪಡಿಯನ್ನು ಓದಲು ಬಾರದೆ ಹೆಬ್ಬೆಟ್ಟು ಒತ್ತಿದರು. ಮೂರು ತಲೆಮಾರು ಅದನ್ನೇ ತೀರಿಸಿದೆವು. ಈಗ ನಮ್ಮ ಮಕ್ಕಳಿಗೆ ಓದು ಬರುತ್ತದೆ. ಕೇರಿಯ ಕಟ್ಟೆಯ ಮೇಲೆ ಆ ಪುಸ್ತಕ ಬಿಚ್ಚಿ ಮೂರು ಪ್ರಶ್ನೆ ಕೇಳಿರಿ. ನಮ್ಮ ಹೆಸರಿನಲ್ಲಿ ಎಷ್ಟು ಬರೆದಿದೆ? ಅದರಲ್ಲಿ ಎಷ್ಟು ಈ ಕೇರಿಗೆ ಬಂತು? ಖರ್ಚು ಕಡಿದಾಗ ಮೊದಲು ಯಾವುದನ್ನು ಕಡಿದರು?

ಮುಂದೆ ಯಾವಾಗಲಾದರೂ ಮಕ್ಕಳನ್ನು ಕೋಟೆ ತೋರಿಸಲು ಕರಕೊಂಡು ಹೋದರೆ, ತೋಪಿನ ಉದ್ದ ಹೇಳಿರಿ. ಅದನ್ನು ಎಳೆದು ತಂದವರ ಲೆಕ್ಕವನ್ನೂ ಕೇಳಲು ಕಲಿಸಿರಿ.